ಬಹುವಚನಕ್ಕೆ ಬೋಳು ಕ್ರಿಯಾಪದವೇಕೆ?

ಇಂಗ್ಲಿಷಿನಲ್ಲಿ ಹುಡುಗ ಒಬ್ಬನಿದ್ದರೆ ಕ್ರಿಯಾಪದಕ್ಕೆ ‘ಎಸ್’ ಬೇಕು, ಹುಡುಗರು ಹಲವರಿದ್ದರೆ ಬೇಡ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡಿ ಬೆಳೆಯುವ ಕಂಬಂ ಕಣಿವೆಯ ಮಕ್ಕಳಿಗೆ ಇದು ತಲೆಕೆಳಗಾದ ಲೆಕ್ಕ. ಅದನ್ನು ಬಿಡಿಸುವ ದಾರಿ ಮಾತ್ರ ಅವರ ಮನೆಮಾತಿನಲ್ಲೇ ಇದೆ.

‘ದಿ ಬಾಯ್ ಗೋಸ್ ಟು ಸ್ಕೂಲ್.’ ‘ದಿ ಬಾಯ್ಸ್ ಗೋ ಟು ಸ್ಕೂಲ್.’ ಇಂಗ್ಲಿಷ್ ಕಲಿಯಲು ಹೊರಟ ಮಗುವಿಗೆ ಪ್ರಾಥಮಿಕ ಶಾಲೆ ಮುಗಿಯುವುದರೊಳಗೆ ಈ ಎರಡು ವಾಕ್ಯ ಎದುರಾಗಲೇಬೇಕು. ಮಧ್ಯದಲ್ಲಿ ಒಂದು ಗೆರೆ ಎಳೆದು, ‘ಗೋ’ ಬರೆಯಬೇಕೋ ‘ಗೋಸ್’ ಬರೆಯಬೇಕೋ ಎಂದು ಕೇಳುವ ಬಿಟ್ಟ ಸ್ಥಳದ ಪ್ರಶ್ನೆ ಇಲ್ಲದ ಪರೀಕ್ಷೆಯೇ ಇಲ್ಲ. ಒಬ್ಬ ಹೋದರೆ ‘ಗೋಸ್’, ಹತ್ತು ಮಂದಿ ಹೋದರೆ ಬರೀ ‘ಗೋ’. ನಿನ್ನೆ ತಾನೇ ಮಗು ‘ಎಸ್’ ಅಕ್ಷರವನ್ನು ಬಹುವಚನದ ಗುರುತು ಎಂದು ಕಲಿತಿತ್ತು: ಬುಕ್ ಒಂದು, ಬುಕ್ಸ್ ಹಲವು. ಇವತ್ತು ಅದೇ ‘ಎಸ್’ ಕ್ರಿಯಾಪದಕ್ಕೆ ಅಂಟಿ ಏಕವಚನದ ಗುರುತಾಗಿ ಕೂತಿದೆ.

ಇನ್ನೊಂದು ಗೋಜಲು ಇದಕ್ಕಿಂತ ಆಳದ್ದು. ನಿಘಂಟಿನಲ್ಲಿ ಕಾಣುವ ರೂಪ ‘ಗೋ’. ‘ಟು ಗೋ’ ಎಂದಾಗ ಬರುವುದೂ ಅದೇ ‘ಗೋ’. ಯಾರು, ಎಷ್ಟು ಜನ, ಯಾವಾಗ ಎಂಬ ಯಾವ ಗುರುತೂ ಇಲ್ಲದ ಈ ರೂಪಕ್ಕೆ ಇಂಗ್ಲಿಷ್ ವ್ಯಾಕರಣ ಇನ್ಫಿನಿಟಿವ್ ಎಂದು ಹೆಸರಿಟ್ಟಿದೆ. ಅಂದರೆ ಬಹುವಚನದ ನಾಮಪದ ಬಂದ ಕೂಡಲೇ ಇಂಗ್ಲಿಷ್ ತನ್ನ ಕ್ರಿಯಾಪದವನ್ನು ಸಿಂಗರಿಸದೆ, ಹಸಿ ಹಸಿಯಾಗಿ ತಂದು ನಿಲ್ಲಿಸಿದಂತೆ ಕಾಣುತ್ತದೆ. ಏಕೆ ಹೀಗೆ? ಮೇಷ್ಟ್ರನ್ನು ಕೇಳಿದರೆ ‘ಅದು ರೂಲ್, ಬಾಯಿಪಾಠ ಮಾಡು’ ಎನ್ನುತ್ತಾರೆ. ರೂಲ್ ನಿಜ. ಆದರೆ ಅದರ ಹಿಂದೆ ಸಾವಿರ ವರ್ಷದ ಒಂದು ಕಥೆಯಿದೆ.

ಒಂದು ಕಣಿವೆ, ಮೂರು ವ್ಯಾಕರಣ

ಈ ಪ್ರಶ್ನೆಯನ್ನು ಇಟ್ಟು ನೋಡಲು ತೇವಾರಂಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ತಮಿಳುನಾಡಿನ ತೇನಿ ಜಿಲ್ಲೆಯ ಉತ್ತಮಪಾಳಯಂ ತಾಲ್ಲೂಕಿನಲ್ಲಿ, ಪಶ್ಚಿಮಘಟ್ಟದ ಬುಡಕ್ಕೆ ಒರಗಿಕೊಂಡಿರುವ ಊರು ಇದು. ಬೆಟ್ಟದ ಆಚೆ ಕೇರಳದ ಇಡುಕ್ಕಿ, ಅಲ್ಲಿನ ಏಲಕ್ಕಿ ತೋಟಗಳು. ಈಚೆ, 1895ರಲ್ಲಿ ಬ್ರಿಟಿಷ್ ಎಂಜಿನಿಯರ್ ಪೆನ್ನಿಕ್ವಿಕ್ ಕಟ್ಟಿಸಿ ಮುಗಿಸಿದ ಮುಲ್ಲೈಪೆರಿಯಾರ್ ಅಣೆಕಟ್ಟಿನ ನೀರಿನಿಂದ ಹಸಿರಾದ ಕಂಬಂ ಕಣಿವೆ. ಭತ್ತ, ಬಾಳೆ, ತೆಂಗು, 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಪನ್ನೀರ್ ದ್ರಾಕ್ಷಿ. ಸಂಗೀತ ನಿರ್ದೇಶಕ ಇಳಯರಾಜ ಹುಟ್ಟಿದ ಪಣ್ಣೈಪುರಂ ಇಲ್ಲಿಗೆ ಹತ್ತಿರದ ಹಳ್ಳಿ.

ಈ ಕಣಿವೆಯಲ್ಲಿ ಕನ್ನಡ ಮನೆಮಾತಿನ ಬೇಸಾಯಗಾರ ಸಮುದಾಯವೊಂದು ಶತಮಾನಗಳಿಂದ ನೆಲೆಸಿದೆ. ತಮಿಳರು ಅವರನ್ನು ಕಪ್ಪಿಲಿಯರ್ ಎನ್ನುತ್ತಾರೆ. ಒಕ್ಕಲಿಗರು ಎಂಬ ಹೆಸರೂ ಬಳಕೆಯಲ್ಲಿದೆ. 1906ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಬರೆದ ಮದುರೈ ಗೆಜೆಟಿಯರ್ ಇವರನ್ನು ಗುರುತಿಸಿದೆ. 1909ರಲ್ಲಿ ಬಂದ ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿಯವರ, ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಕುರಿತ ಏಳು ಸಂಪುಟಗಳ ಗ್ರಂಥದಲ್ಲಿಯೂ ಇವರ ವಿವರಗಳಿವೆ. ಕರ್ನಾಟಕದ ಗಡಿಯಿಂದ ಇಷ್ಟು ದೂರದಲ್ಲಿ, ಶಾಲೆಯ ಆಸರೆಯಿಲ್ಲದೆ, ಬಾಯಿಂದ ಬಾಯಿಗೆ ಉಳಿದು ಬಂದ ಕನ್ನಡ ಇದು. ತಮಿಳುನಾಡು 1968ರಿಂದ ತಮಿಳು ಮತ್ತು ಇಂಗ್ಲಿಷ್ ಎಂಬ ದ್ವಿಭಾಷಾ ನೀತಿಯನ್ನು ಹಿಡಿದು ನಡೆದಿದೆ. ಹಾಗಾಗಿ ಈ ಮನೆಗಳ ಮಗುವಿನ ತಲೆಯೊಳಗೆ ಮೂರು ವ್ಯಾಕರಣಗಳು ಒಟ್ಟಿಗೆ ಬೆಳೆಯುತ್ತವೆ: ಒಂದು ಅಜ್ಜಿ ಕಲಿಸಿದ್ದು, ಒಂದು ಬೀದಿ ಕಲಿಸಿದ್ದು, ಒಂದು ಪುಸ್ತಕ ಕಲಿಸಿದ್ದು.

ಮೊದಲೆರಡು ವ್ಯಾಕರಣಗಳು ದಾಯಾದಿಗಳು. ಕನ್ನಡದಲ್ಲಿ ಹುಡುಗ ಹೋಗುತ್ತಾನೆ, ಹುಡುಗಿ ಹೋಗುತ್ತಾಳೆ, ಹುಡುಗರು ಹೋಗುತ್ತಾರೆ, ಹಸು ಹೋಗುತ್ತದೆ, ಹಸುಗಳು ಹೋಗುತ್ತವೆ. ತಮಿಳಿನಲ್ಲಿ ಪೋಗಿರಾನ್, ಪೋಗಿರಾಳ್, ಪೋಗಿರಾರ್ಗಳ್. ಆಡುಮಾತಿನಲ್ಲಿ ಪೋರಾನ್, ಪೋರಾ, ಪೋರಾಂಗ. ಎರಡರಲ್ಲೂ ಕ್ರಿಯಾಪದದ ಬಾಲ ನೋಡಿದರೆ ಸಾಕು, ಹೋಗುವವರು ಯಾರೆಂದು ತಿಳಿಯುತ್ತದೆ. ‘ಹೋಗುತ್ತೇವೆ’ ಎಂದರೆ ಸಾಕು, ‘ನಾವು’ ಎಂದು ಬೇರೆ ಹೇಳಬೇಕಾಗಿಲ್ಲ. ಆತುರದ ಮಾತಿನಲ್ಲಿ ನಾವು ‘ಹೋಗ್ತಾರೆ’ ಎಂದು ಪದದ ನಡುವನ್ನು ನುಂಗುತ್ತೇವೆಯೇ ಹೊರತು ಕೊನೆಯನ್ನು ಬಿಡುವುದಿಲ್ಲ. ಯಾರು, ಎಷ್ಟು ಜನ ಎಂಬ ಸುದ್ದಿಯೆಲ್ಲ ಆ ಕೊನೆಯಲ್ಲೇ ಇದೆ.

ಇಂಗ್ಲಿಷಿನ ‘ಗೋ’ ಅಂಥ ಯಾವ ಸುದ್ದಿಯನ್ನೂ ಕೊಡುವುದಿಲ್ಲ. ಐ ಗೋ, ಯೂ ಗೋ, ವೀ ಗೋ, ದೇ ಗೋ. ಎಲ್ಲದಕ್ಕೂ ಒಂದೇ. ‘ಹೀ’, ‘ಶೀ’, ‘ಇಟ್’ ಬಂದಾಗ ಮಾತ್ರ ‘ಗೋಸ್’. ಅದಕ್ಕೇ ಇಂಗ್ಲಿಷಿನಲ್ಲಿ ಕರ್ತೃವನ್ನು ಬಿಟ್ಟು ಮಾತಾಡುವಂತಿಲ್ಲ. ತೇವಾರಂನ ಮಗುವಿಗೆ ಕಷ್ಟವಾಗುವುದು ಇಲ್ಲಿ. ಅದರ ಎರಡೂ ಮಾತುಗಳಲ್ಲಿ ಬಹುವಚನ ಬಂದರೆ ಕ್ರಿಯಾಪದಕ್ಕೂ ಬಹುವಚನದ ಪ್ರತ್ಯಯ ಬರುತ್ತದೆ. ಇಂಗ್ಲಿಷಿನಲ್ಲಿ ಬಹುವಚನ ಬಂದರೆ ಇದ್ದ ಪ್ರತ್ಯಯವೂ ಹೋಗುತ್ತದೆ.

ಉದುರಿಹೋದ ಬಾಲಗಳು

ಇಂಗ್ಲಿಷ್ ಮೊದಲಿನಿಂದ ಹೀಗಿರಲಿಲ್ಲ. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಹಾಡು’ ಎಂಬ ಕ್ರಿಯೆಯನ್ನು ನೋಡಿ. ಇನ್ಫಿನಿಟಿವ್ ‘ಸಿಂಗನ್’. ನಾನು ಹಾಡಿದರೆ ‘ಸಿಂಗೆ’, ನೀನು ಹಾಡಿದರೆ ‘ಸಿಂಗೆಸ್ಟ್’, ಅವನು ಹಾಡಿದರೆ ‘ಸಿಂಗೆಥ್’, ನಾವೋ ನೀವೋ ಅವರೋ ಹಾಡಿದರೆ ‘ಸಿಂಗಥ್’. ನಮ್ಮ ಭಾಷೆಗಳಷ್ಟು ಸಮೃದ್ಧವಲ್ಲದಿದ್ದರೂ ಬಾಲಗಳು ಸಾಕಷ್ಟಿದ್ದವು. ಗಮನಿಸಬೇಕಾದ ಮಾತೊಂದಿದೆ: ಬಹುವಚನದ ‘ಸಿಂಗಥ್’ ಬೇರೆ, ಇನ್ಫಿನಿಟಿವ್ ‘ಸಿಂಗನ್’ ಬೇರೆ. ಆ ಕಾಲದ ಯಾರೂ ಒಂದನ್ನು ಇನ್ನೊಂದೆಂದು ತಪ್ಪು ತಿಳಿಯುವಂತಿರಲಿಲ್ಲ.

ಇಂಗ್ಲಿಷ್ ಪದಗಳಲ್ಲಿ ಉಸಿರಿನ ಒತ್ತು ಸಾಮಾನ್ಯವಾಗಿ ಮೊದಲ ಭಾಗದ ಮೇಲೆ ಬೀಳುತ್ತಿತ್ತು. ಒತ್ತಿಲ್ಲದ ಕೊನೆಯ ಸ್ವರಗಳು ಕ್ರಮೇಣ ಮಂಕಾದವು. ಅ, ಎ, ಒ ಎಂಬ ಭೇದವೇ ಅಳಿದು ಎಲ್ಲವೂ ಒಂದು ಅಸ್ಪಷ್ಟ ‘ಎ’ಕಾರವಾಯಿತು. 1100ರ ಅನಂತರದ ಮಧ್ಯಕಾಲೀನ ಇಂಗ್ಲಿಷಿನಲ್ಲಿ ಬಹುವಚನ ಒಂದೊಂದು ಸೀಮೆಯಲ್ಲಿ ಒಂದೊಂದು ಬಗೆಯಾಯಿತು. ದಕ್ಷಿಣದವರು ‘ಸಿಂಗೆಥ್’ ಎಂದರು, ಉತ್ತರದವರು ‘ಸಿಂಗೆಸ್’ ಎಂದರು, ನಡುನಾಡಿನವರು ‘ಸಿಂಗೆನ್’ ಎಂದರು. ಅಷ್ಟರಲ್ಲಿ ಇನ್ಫಿನಿಟಿವ್ ‘ಸಿಂಗನ್’ ಕೂಡ ಸವೆದು ‘ಸಿಂಗೆನ್’ ಆಗಿತ್ತು. ಬೇರೆ ಬೇರೆ ದಾರಿಯಿಂದ ಬಂದ ಎರಡು ರೂಪಗಳು ನಡುನಾಡಿನಲ್ಲಿ ಒಂದೇ ಆದವು.

1400ರಲ್ಲಿ ತೀರಿಕೊಂಡ ಕವಿ ಚಾಸರ್‌ನ ಲಂಡನ್ ಇಂಗ್ಲಿಷಿನಲ್ಲಿ ಬಹುವಚನಕ್ಕೂ ಇನ್ಫಿನಿಟಿವ್‌ಗೂ ಈ ‘ಎನ್’ ಬಾಲ ಕಾಣುತ್ತದೆ, ಅಲ್ಲಲ್ಲಿ ‘ನ್’ ಉದುರಿ ಬರೀ ‘ಎ’ ಉಳಿದಿರುವುದೂ ಕಾಣುತ್ತದೆ. ಮುಂದಿನ ನೂರು ವರ್ಷಗಳಲ್ಲಿ ಆ ‘ಎ’ ಕೂಡ ನಾಲಿಗೆಯಿಂದ ಮರೆಯಾಗಿ ಉಳಿದದ್ದು ಬರೀ ‘ಸಿಂಗ್’. ಷೇಕ್ಸ್‌ಪಿಯರನ ಸಮಕಾಲೀನ ನಾಟಕಕಾರ ಬೆನ್ ಜಾನ್ಸನ್ ಒಂದು ಇಂಗ್ಲಿಷ್ ವ್ಯಾಕರಣ ಬರೆದಿದ್ದ. ಅವನು ಸತ್ತ ಮೇಲೆ 1640ರಲ್ಲಿ ಅಚ್ಚಾಯಿತು. ಎಂಟನೇ ಹೆನ್ರಿಯ ಕಾಲದವರೆಗೂ ಬಹುವಚನದ ಕ್ರಿಯಾಪದಕ್ಕೆ ‘ಎನ್’ ಸೇರಿಸುವ ರೂಢಿಯಿತ್ತು, ಈಗ ಪೂರ್ತಿ ಬಿಟ್ಟುಹೋಗಿದೆ ಎಂದು ಅದರಲ್ಲಿ ಪೇಚಾಡಿಕೊಂಡಿದ್ದಾನೆ. ಬಹುವಚನದ ಬಾಲ ಹೋದದ್ದರಿಂದ ಭಾಷೆಗೆ ನಷ್ಟವಾಯಿತೆಂದು ನೊಂದುಕೊಂಡ ವ್ಯಾಕರಣಕಾರ ಬಹುಶಃ ಅವನೊಬ್ಬನೇ ಇರಬೇಕು.

ಹಾಗಾದರೆ ‘ಸಿಂಗ್ಸ್’ನಲ್ಲಿರುವ ‘ಎಸ್’ ಎಲ್ಲಿಂದ ಬಂತು? ಅದು ಉತ್ತರ ಸೀಮೆಯಿಂದ ಇಳಿದು ಬಂದದ್ದು. ಲಂಡನ್ನಿನ ಹಳೆಯ ರೂಢಿ ‘ಹೀ ಸಿಂಗೆಥ್’. ಷೇಕ್ಸ್‌ಪಿಯರನಲ್ಲಿ ‘ಹ್ಯಾಥ್’ ಕೂಡ ಇದೆ, ‘ಹ್ಯಾಸ್’ ಕೂಡ ಇದೆ. 1611ರಲ್ಲಿ ಅಚ್ಚಾದ ಜೇಮ್ಸ್ ದೊರೆಯ ಬೈಬಲ್ ಹಳೆಯ ‘ಎಥ್’ ರೂಪವನ್ನೇ ಹಿಡಿದುಕೊಂಡಿತು. ಆದರೆ ಜನರ ಬಾಯಲ್ಲಿ ‘ಎಸ್’ ಗೆದ್ದಿತ್ತು. ಉಳಿದ ಬಾಲಗಳೆಲ್ಲ ಉದುರಿದ ಹೊತ್ತಿಗೆ ಹೊಸದಾಗಿ ಬಂದ ಈ ಒಂದು ಬಾಲ ನಿಂತುಬಿಟ್ಟಿತು. ಒಬ್ಬನಿಗೆ ‘ಎಸ್’ ಕೊಡಬೇಕು, ಹಲವರಿಗೆ ಕೊಡಬಾರದು ಎಂದು ಯಾರೂ ಕೂತು ಗೊತ್ತುಮಾಡಿದ್ದಲ್ಲ. ಇಂಗ್ಲೆಂಡಿನ ಪೂರ್ವದ ನಾರ್ಫಕ್ ಕಡೆಯ ಹಳೆಯ ಆಡುಮಾತು ಈ ಒಂದು ‘ಎಸ್’ ಕೂಡ ಇಲ್ಲದೆ ‘ಹೀ ಗೋ’ ಎನ್ನುತ್ತದೆ. ಅಲ್ಲಿನ ನಾರ್ವಿಚ್ ನಗರದ ಮಾತನ್ನು ಅಧ್ಯಯನ ಮಾಡಿ ಭಾಷಾವಿಜ್ಞಾನಿ ಪೀಟರ್ ಟ್ರಡ್‌ಗಿಲ್ 1974ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ದುಡಿಯುವ ವರ್ಗದ ಜನ ಈ ‘ಎಸ್’ ಅನ್ನು ಬಹುಪಾಲು ಬಿಟ್ಟೇ ಮಾತಾಡುವುದು ದಾಖಲಾಗಿದೆ. ನಮ್ಮ ಮಗು ‘ಹೀ ಗೋ’ ಎಂದು ಬರೆದರೆ ಕೆಂಪು ಶಾಯಿ ಬೀಳುತ್ತದೆ. ನಾರ್ಫಕ್‌ನ ಅಜ್ಜ ಅದನ್ನೇ ಹುಟ್ಟುಮಾತಾಗಿ ಆಡುತ್ತಾನೆ.

ಮರ್ಯಾದೆ ಅಳಿಸಿದ ಪ್ರತ್ಯಯ

‘ನೀನು ಹಾಡಿದರೆ ಸಿಂಗೆಸ್ಟ್’ ಎಂಬುದು ಎಲ್ಲಿಗೆ ಹೋಯಿತು? ಇದರ ಉತ್ತರ ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ. ಇಂಗ್ಲಿಷಿನಲ್ಲಿ ‘ಥೌ’ ಎಂದರೆ ನೀನು, ‘ಯೂ’ ಎಂದರೆ ನೀವು. 13ನೇ ಶತಮಾನದಿಂದೀಚೆಗೆ ದೊಡ್ಡವರನ್ನು, ಅಪರಿಚಿತರನ್ನು ‘ಯೂ’ ಎಂದು ಕರೆಯುವ ರೂಢಿ ಬೆಳೆಯಿತು, ನಾವು ‘ನೀವು’ ಎನ್ನುವಂತೆ, ತೇನಿಯವರು ‘ನೀಂಗ’ ಎನ್ನುವಂತೆ. ಮರ್ಯಾದೆ ಹೆಚ್ಚುತ್ತ ಹೋಗಿ, 17ನೇ ಶತಮಾನ ಕಳೆಯುವ ಹೊತ್ತಿಗೆ ‘ಥೌ’ ದೇವರ ಪ್ರಾರ್ಥನೆಗೆ, ಕೆಲವು ಸೀಮೆಗಳ ಆಡುಮಾತಿಗೆ, ಕ್ವೇಕರ್ ಪಂಥದವರ ಬಾಯಿಗೆ ಸೀಮಿತವಾಯಿತು. ‘ಥೌ’ ಹೋದ ಮೇಲೆ ಅದರ ‘ಎಸ್ಟ್’ ಬಾಲಕ್ಕೂ ಕೆಲಸವಿಲ್ಲವಾಯಿತು. ಇವತ್ತು ಎದುರಿಗೆ ಒಬ್ಬನೇ ಕೂತಿದ್ದರೂ ‘ಯೂ ಆರ್’ ಎನ್ನುತ್ತೇವೆ, ‘ಯೂ ಈಸ್’ ಎನ್ನುವುದಿಲ್ಲ. ಕಾರಣ, ಅದು ಹುಟ್ಟಿನಿಂದ ಬಹುವಚನ.

ಆದರೆ ಇಂಗ್ಲಿಷ್ ಈ ಮರ್ಯಾದೆಯನ್ನು ಎದುರಿಗಿದ್ದವರಿಗೆ ಮಾತ್ರ ಕೊಟ್ಟಿತು. ನಾವು ‘ಅಜ್ಜಿ ಬರುತ್ತಾರೆ’, ‘ಹೆಡ್‌ಮಾಸ್ಟ್ರು ಬಂದರು’ ಎಂದು ಒಬ್ಬರಿಗೇ ಬಹುವಚನ ಹಚ್ಚುತ್ತೇವೆ. ಇಂಗ್ಲಿಷಿನಲ್ಲಿ ಅಜ್ಜಿಯೂ ‘ಕಮ್ಸ್’, ಹೆಡ್‌ಮಾಸ್ಟ್ರೂ ‘ಕಮ್ಸ್’, ಪ್ರಧಾನಿಯೂ ‘ಕಮ್ಸ್’. ದೊಡ್ಡವರ ಹೆಸರಿನ ಮುಂದೆ ‘ಎಸ್’ ಬಿಟ್ಟುಹೋಗುವ ತಪ್ಪು ನಮ್ಮ ಮಕ್ಕಳಲ್ಲಿ ಕಂಡರೆ, ಅದು ಅಜ್ಞಾನವೆನ್ನುವ ಮೊದಲು ಮನೆಯಲ್ಲಿ ಕಲಿತ ವಿನಯವೂ ಇರಬಹುದೆಂದು ಯೋಚಿಸಬೇಕು.

‘ಬಿ’ ಕೊಡುವ ಸಾಕ್ಷಿ

ಇಷ್ಟು ತಿಳಿದ ಮೇಲೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಬಹುವಚನದ ಮುಂದೆ ಇಂಗ್ಲಿಷ್ ಇನ್ಫಿನಿಟಿವ್ ಬಳಸುತ್ತಿಲ್ಲ. ಬಳಸುತ್ತಿರುವುದು ಬಾಲ ಉದುರಿದ ಬಹುವಚನದ ರೂಪವನ್ನು. ಇನ್ಫಿನಿಟಿವ್‌ನ ಬಾಲವೂ ಉದುರಿದ್ದರಿಂದ ಎರಡೂ ಒಂದೇ ಥರ ಕಾಣುತ್ತವೆ.

ಇದು ಬರೀ ಇತಿಹಾಸದ ಮಾತಲ್ಲ, ಇವತ್ತಿನ ಇಂಗ್ಲಿಷಿನಲ್ಲೇ ಸಾಕ್ಷಿಯಿದೆ. ‘ಇರು’ ಎಂಬರ್ಥದ ಕ್ರಿಯಾಪದ ತೆಗೆದುಕೊಳ್ಳಿ. ಅದರ ಇನ್ಫಿನಿಟಿವ್ ‘ಬಿ’. ಬಹುವಚನಕ್ಕೆ ಇನ್ಫಿನಿಟಿವ್ ಬರುವುದು ನಿಯಮವಾಗಿದ್ದರೆ ‘ದಿ ಬಾಯ್ಸ್ ಬಿ ಹಿಯರ್’ ಎನ್ನಬೇಕಿತ್ತು. ಶಿಷ್ಟ ಇಂಗ್ಲಿಷ್ ಹಾಗೆನ್ನದೆ ‘ದಿ ಬಾಯ್ಸ್ ಆರ್ ಹಿಯರ್’ ಎನ್ನುತ್ತದೆ. ಈ ಒಂದು ಕ್ರಿಯಾಪದದಲ್ಲಿ ಎರಡು ರೂಪಗಳು ಒಂದಾಗಲಿಲ್ಲ. ಬಹುವಚನ ಬೇರೆ, ಇನ್ಫಿನಿಟಿವ್ ಬೇರೆ ಎಂಬುದು ಕಣ್ಣಿಗೆ ಕಾಣುವಂತೆ ಉಳಿಯಿತು. 2002ರಲ್ಲಿ ಬಂದ ಹಡಲ್‌ಸ್ಟನ್ ಮತ್ತು ಪುಲಮ್ ಅವರ ಕೇಂಬ್ರಿಜ್ ಇಂಗ್ಲಿಷ್ ವ್ಯಾಕರಣ ಇವೆರಡಕ್ಕೆ ಬೇರೆ ಬೇರೆ ಹೆಸರನ್ನೇ ಕೊಟ್ಟಿದೆ, ಈ ‘ಬಿ’ಯನ್ನೇ ಆಧಾರವಾಗಿಟ್ಟುಕೊಂಡು.

‘ಬರಲಿಲ್ಲ’ದೊಳಗೆ ಅಡಗಿದ್ದು

ಈಗ ಮನೆಮಾತಿಗೆ ಬರೋಣ. ಕನ್ನಡದ ಕ್ರಿಯಾಪದ ಯಾವಾಗಲೂ ಬಾಲ ಹೊತ್ತುಕೊಂಡೇ ಇರುತ್ತದೆ ಎಂಬುದು ಅರ್ಧ ಸತ್ಯ. ‘ಹೌದು’ ಎನ್ನುವ ವಾಕ್ಯಗಳಲ್ಲಿ ಅದು ನಿಜ: ಅವನು ಬಂದನು, ಅವಳು ಬಂದಳು, ಅವರು ಬಂದರು. ‘ಇಲ್ಲ’ ಎನ್ನಿ ನೋಡೋಣ. ಅವನು ಬರಲಿಲ್ಲ. ಅವಳು ಬರಲಿಲ್ಲ. ಅವರು ಬರಲಿಲ್ಲ. ಮಕ್ಕಳು ಬರಲಿಲ್ಲ. ನಾನೂ ಬರಲಿಲ್ಲ. ಲಿಂಗ, ವಚನ, ಪುರುಷ ಯಾವುದರ ಗುರುತೂ ಇಲ್ಲ. ಬಿಡಿಸಿದರೆ ಬರಲ್ ಮತ್ತು ಇಲ್ಲ. ‘ಬರಲು’ ಎಂಬುದನ್ನು ನಮ್ಮ ಶಾಲಾ ವ್ಯಾಕರಣ ಕೃದಂತಾವ್ಯಯ ಎನ್ನುತ್ತದೆ. ಇಂಗ್ಲಿಷಿನ ಇನ್ಫಿನಿಟಿವ್‌ಗೆ ಕನ್ನಡದಲ್ಲಿ ಅತಿ ಹತ್ತಿರದ ರೂಪ ಇದೇ. ಅಂದರೆ ‘ಮಕ್ಕಳು ಬರಲಿಲ್ಲ’ ಎಂಬಲ್ಲಿ ಬಹುವಚನದ ನಾಮಪದದ ಮುಂದೆ ಇನ್ಫಿನಿಟಿವ್ ಬಂದು ಕೂತಿದೆ. ಇಂಗ್ಲಿಷಿನಲ್ಲಿ ಅದು ಬರೀ ಹೋಲಿಕೆ, ನಮ್ಮಲ್ಲಿ ನಿಜ.

ತಮಿಳಿನಲ್ಲೂ ಹೀಗೆಯೇ. ಅವನ್ ವರವಿಲ್ಲೈ, ಅವರ್ಗಳ್ ವರವಿಲ್ಲೈ. ‘ವರ’ ಎಂಬ ಬೋಳು ರೂಪಕ್ಕೆ ‘ಇಲ್ಲೈ’ ಸೇರಿದೆ, ಯಾರಿಗೂ ಬದಲಾಗುವುದಿಲ್ಲ.

‘ಬೇಕು’, ‘ಬಹುದು’, ‘ಬಾರದು’ಗಳ ಕಥೆಯೂ ಇದೇ. ಅವನು ಬರಬೇಕು, ಅವರು ಬರಬೇಕು. ಹುಡುಗಿ ಬರಬಹುದು, ಹುಡುಗಿಯರು ಬರಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ಸರಿಯಾಗಿ ‘ಹೀ ಮಸ್ಟ್ ಕಮ್’, ‘ದೇ ಮಸ್ಟ್ ಕಮ್’. ‘ಶೀ ಮೇ ಕಮ್’, ‘ದೇ ಮೇ ಕಮ್’. ‘ಹೀ ಮಸ್ಟ್ಸ್ ಕಮ್’ ಎಂದೋ ‘ಹೀ ಮಸ್ಟ್ ಕಮ್ಸ್’ ಎಂದೋ ಹೇಳುವಂತಿಲ್ಲ. ಇಲ್ಲಿ ಇಂಗ್ಲಿಷ್, ಕನ್ನಡ, ತಮಿಳು ಮೂರೂ ಒಂದೇ ಸಾಲಿನಲ್ಲಿ ನಿಂತಿವೆ. ತಮಿಳಿನ ‘ವರ ವೇಂಡುಂ’ ಒಬ್ಬನಿಗೂ ಅದೇ, ಊರಿಗೂ ಅದೇ.

ಮೂರನೇ ಬಗೆಯೊಂದಿದೆ. ಇಂಗ್ಲಿಷಿನಲ್ಲಿ ‘ಹೀ ಡಸ್ ನಾಟ್ ಕಮ್’, ‘ದೇ ಡು ನಾಟ್ ಕಮ್’. ‘ಎಸ್’ ಹೋಗಿ ಸಹಾಯಕ ಕ್ರಿಯಾಪದದ ಮೇಲೆ ಕೂತಿತು, ಮುಖ್ಯ ಕ್ರಿಯಾಪದ ಬೋಳಾಯಿತು. ಮಕ್ಕಳು ಅತಿ ಹೆಚ್ಚು ಎಡವುವುದು ಇಲ್ಲೇ: ‘ಹೀ ಡಸ್ ನಾಟ್ ಕಮ್ಸ್’ ಎಂದು ಎರಡೂ ಕಡೆ ‘ಎಸ್’ ಹಾಕುತ್ತಾರೆ. ಆದರೆ ತೇವಾರಂನ ಬೀದಿಯಲ್ಲಿ ಆಡುವ ಮಗು ದಿನವೂ ಹೇಳುವುದು ‘ವರಮಾಟ್ಟಾನ್’ (ಅವನು ಬರುವುದಿಲ್ಲ), ‘ವರಮಾಟ್ಟಾಂಗ’ (ಅವರು ಬರುವುದಿಲ್ಲ). ‘ವರ’ ಬದಲಾಗುವುದಿಲ್ಲ, ಬದಲಾಗುವುದು ‘ಮಾಟ್ಟು’ ಮಾತ್ರ. ಕನ್ನಡದಲ್ಲೂ ಬರಲಾರನು, ಬರಲಾರಳು, ಬರಲಾರರು. ‘ಬರಲ್’ ಅಲ್ಲಾಡುವುದಿಲ್ಲ, ಬಾಲ ಬರುವುದು ‘ಆರ್’ ಎಂಬ ಸಹಾಯಕಕ್ಕೆ. ಅರ್ಥದಲ್ಲಿ ಚೂರು ವ್ಯತ್ಯಾಸವಿದ್ದರೂ ಕಟ್ಟಡ ಒಂದೇ: ಗುರುತು ಒಂದೇ ಕಡೆ ಬೀಳಬೇಕು, ಅದು ಸಹಾಯಕದ ಮೇಲೆ.

ಕನ್ನಡದ ‘ಇಲ್ಲ’ ವಾಕ್ಯಕ್ಕೂ ಹಿಂದೆ ಬಾಲಗಳಿದ್ದವು. ಹಳಗನ್ನಡದಲ್ಲಿ ಬಾರೆಂ ಎಂದರೆ ನಾನು ಬರುವುದಿಲ್ಲ, ಬಾರಂ ಎಂದರೆ ಅವನು, ಬಾರರ್ ಎಂದರೆ ಅವರು. ಕೇಶಿರಾಜ 13ನೇ ಶತಮಾನದ ನಡುವಿನಲ್ಲಿ ‘ಶಬ್ದಮಣಿದರ್ಪಣ’ ಎಂಬ ಹಳಗನ್ನಡ ವ್ಯಾಕರಣ ಬರೆದು, ಕ್ರಿಯಾಪದಗಳಿಗೆಂದೇ ಆಖ್ಯಾತ ಪ್ರಕರಣವನ್ನು ಮೀಸಲಿಟ್ಟ ಕಾಲದಲ್ಲಿ ಇಂಗ್ಲೆಂಡಿನ ನಡುನಾಡಿನವರು ‘ಸಿಂಗೆನ್’ ಎನ್ನುತ್ತಿದ್ದರು. ಇಬ್ಬರ ಬಾಲಗಳೂ ಅನಂತರ ಉದುರಿದವು: ಅವರದು ‘ಹೌದು’ ಎನ್ನುವ ಕಡೆ, ನಮ್ಮದು ‘ಇಲ್ಲ’ ಎನ್ನುವ ಕಡೆ.

ದೇವರ ಆವಿನ ಹಿಂಡು

ಕಂಬಂ ಪಟ್ಟಣದಲ್ಲಿ ನಂದಗೋಪಾಲಸ್ವಾಮಿಗೆ ಸೇರಿದ ತಂಬಿರಾನ್ ತೊಳು ಇದೆ, ಕಪ್ಪಿಲಿಯರ್ ಸಮುದಾಯ ಪೂಜಿಸುವ ಹಸುಗಳ ದೊಡ್ಡಿ. ಈ ಹಿಂಡನ್ನು ತಮಿಳಿನಲ್ಲಿ ‘ತಂಬಿರಾನ್ ಮಾಡು’ ಎಂದೂ ಕನ್ನಡದಲ್ಲಿ ‘ದೇವರು ಆವು’ ಎಂದೂ ಕರೆಯುವರೆಂದು ಫ್ರಾನ್ಸಿಸ್, ಥರ್ಸ್ಟನ್ನರ ನೂರು ವರ್ಷಕ್ಕೂ ಹಿಂದಿನ ಆ ಇಂಗ್ಲಿಷ್ ಗ್ರಂಥಗಳು ಬರೆದಿಟ್ಟಿವೆ. ಈ ಹಸುಗಳ ಹಾಲು ಕರೆಯುವುದಿಲ್ಲ. ಹಿಂಡಿಗೊಂದು ರಾಜಹೋರಿ. ಅದು ಸತ್ತರೆ ಹೊಸ ರಾಜನನ್ನು ಆರಿಸಲು ಹಿಂಡಿನ ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ; ಬಂದು ಬಾಯಿ ಹಾಕಿದ ಹೋರಿಗೆ ಪಟ್ಟ. ಮಾಟ್ಟುಪೊಂಗಲ್ ದಿನ ಇಲ್ಲಿ ಜನ ನೆರೆಯುತ್ತಾರೆ.

ಈ ಒಂದು ದೊಡ್ಡಿಯೆದುರು ನಿಂತರೆ ಇಂಗ್ಲಿಷಿನ ವಚನದ ಪಾಠವನ್ನೆಲ್ಲ ಮುಗಿಸಬಹುದು. ಹಸು ಒಂದು ಮೇಯುತ್ತಿದ್ದರೆ ‘ದಿ ಕೌ ಗ್ರೇಜಸ್’. ಹಲವು ಮೇಯುತ್ತಿದ್ದರೆ ‘ದಿ ಕೌಸ್ ಗ್ರೇಜ್’. ಇಲ್ಲಿಯವರೆಗೆ ಮೇಷ್ಟ್ರ ಸೂತ್ರ ಸರಿ: ‘ಎಸ್’ ನಾಮಪದಕ್ಕೆ ಬಂದರೆ ಕ್ರಿಯಾಪದಕ್ಕೆ ಬೇಡ, ಕ್ರಿಯಾಪದಕ್ಕೆ ಬಂದರೆ ನಾಮಪದಕ್ಕೆ ಬೇಡ. ಮುಂದೆ ನೋಡಿ. ದನಕರು ಎಂಬರ್ಥದ ‘ಕ್ಯಾಟಲ್’ ಪದಕ್ಕೆ ‘ಎಸ್’ ಇಲ್ಲ, ಆದರೂ ಅದು ಬಹುವಚನ: ‘ದಿ ಕ್ಯಾಟಲ್ ಗ್ರೇಜ್’. ಎರಡೂ ಕಡೆ ‘ಎಸ್’ ಇಲ್ಲ, ಸೂತ್ರ ಮುರಿಯಿತು. ‘ಚಿಲ್ಡ್ರನ್’, ‘ಮೆನ್’, ‘ಪೀಪಲ್’, ‘ಪೊಲೀಸ್’ ಎಲ್ಲವೂ ಇದೇ ಜಾತಿ. ತಿರುಗಾ ‘ನ್ಯೂಸ್’, ‘ಮ್ಯಾಥಮ್ಯಾಟಿಕ್ಸ್’ ಪದಗಳಿಗೆ ‘ಎಸ್’ ಇದೆ, ಆದರೆ ಅವು ಏಕವಚನ.

ಇನ್ನು ಹಿಂಡು. ‘ದಿ ಹರ್ಡ್ ಆಫ್ ಕೌಸ್ ಗ್ರೇಜಸ್.’ ಕ್ರಿಯಾಪದದ ಪಕ್ಕದಲ್ಲೇ ‘ಕೌಸ್’ ಇದೆ. ಆದರೆ ಯಜಮಾನ ‘ಹರ್ಡ್’, ಅದು ಒಂದು. ಇಂಥ ಕಡೆ ಇಂಗ್ಲಿಷ್ ತಾಯಿನುಡಿಯವರೂ ತಪ್ಪುತ್ತಾರೆ. ಕ್ಯಾಥರಿನ್ ಬಾಕ್ ಮತ್ತು ಕ್ಯಾರಲ್ ಮಿಲ್ಲರ್ 1991ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಏಕವಚನದ ಕರ್ತೃವಿನ ಬೆನ್ನಿಗೆ ಬಹುವಚನದ ಪದವೊಂದು ಬಂದರೆ ಕ್ರಿಯಾಪದ ಅದರ ಕಡೆಗೆ ಜಾರುತ್ತದೆಂದು ಕಂಡುಬಂತು. ಗುಂಪನ್ನು ಹೇಳುವ ಪದಗಳಲ್ಲಿ ಇಂಗ್ಲಿಷ್ ತಾಯಿನುಡಿಯವರಲ್ಲೇ ಒಮ್ಮತವಿಲ್ಲ. ‘ಟೀಮ್’ ಎಂದರೆ ಅಮೆರಿಕದವರಿಗೆ ಒಂದು, ಬ್ರಿಟನ್ನಿನವರು ಎಷ್ಟೋ ಸಲ ‘ದಿ ಟೀಮ್ ಆರ್’ ಎನ್ನುತ್ತಾರೆ.

ನಮ್ಮಲ್ಲೂ ಬರಹಕ್ಕೊಂದು, ಬಾಯಿಗೊಂದು ನಡೆಯುತ್ತದೆ. ‘ಹಸುಗಳು ಬಂದವು’ ಎಂದು ಬರೆಯುವವರೇ ಮಾತಿನಲ್ಲಿ ‘ಹಸುಗಳು ಬಂತು’ ಎನ್ನುತ್ತಾರೆ. ತಮಿಳಿನಲ್ಲೂ ಬರೆದರೆ ‘ವಂದನ’, ಆಡಿದರೆ ‘ವಂದದು’. ಮನುಷ್ಯರಲ್ಲದವುಗಳ ಬಹುವಚನ ಕ್ರಿಯಾಪದದಲ್ಲಿ ಸವೆಯುತ್ತಿರುವುದನ್ನು ನಮ್ಮ ಬಾಯಲ್ಲೇ ಕೇಳಬಹುದು.

ತಲೆಬರಹದ ‘ಟು’

ಬಹುವಚನದ ಮುಂದೆ ಅಪ್ಪಟ ಇನ್ಫಿನಿಟಿವ್ ಬರುವ ಜಾಗವೊಂದು ಇಂಗ್ಲಿಷಿನಲ್ಲಿ ಇದ್ದೇ ಇದೆ, ದಿನಪತ್ರಿಕೆಯ ತಲೆಬರಹ. ‘ಸ್ಕೂಲ್ಸ್ ಟು ರೀಓಪನ್’, ‘ಫಾರ್ಮರ್ಸ್ ಟು ಪ್ರೊಟೆಸ್ಟ್’. ಇದು ಮುಂದೆ ಆಗಲಿರುವುದನ್ನು ಹೇಳುವ ಬಗೆ. ನಡುವಿನ ‘ಆರ್’ ಜಾಗ ಉಳಿಸಲು ಬಿಟ್ಟುಹೋಗಿದೆ. ಇಲ್ಲಿ ಏಕವಚನಕ್ಕೂ ವ್ಯತ್ಯಾಸವಿಲ್ಲ, ಮಂತ್ರಿ ಒಬ್ಬನೇ ಬರುವುದಿದ್ದರೂ ‘ಮಿನಿಸ್ಟರ್ ಟು ವಿಸಿಟ್’. ಇನ್ನೊಂದು ಬಗೆಯಲ್ಲಿ ಇನ್ಫಿನಿಟಿವ್ ತನ್ನ ಹಿಂದಿನ ನಾಮಪದವನ್ನು ವಿವರಿಸುತ್ತದೆ: ‘ಪ್ಲ್ಯಾನ್ಸ್ ಟು ಬಿಲ್ಡ್ ಎ ಡ್ಯಾಮ್’. ಕನ್ನಡದಲ್ಲಿ ಇದರ ಕ್ರಮವೇ ತಿರುಗುಮುರುಗು: ‘ಅಣೆಕಟ್ಟು ಕಟ್ಟುವ ಯೋಜನೆಗಳು’. ಕ್ರಿಯೆ ಮೊದಲು, ನಾಮಪದ ಕೊನೆಗೆ. ಮಕ್ಕಳು ಇಲ್ಲಿ ತಪ್ಪುವುದು ಪದಗಳ ಸಾಲಿನಲ್ಲಿ, ‘ಎಸ್’ನಲ್ಲಿ ಅಲ್ಲ.

ಕಲಿಸುವವರಿಗೆ ಒಂದು ಮಾತು

ಈ ‘ಎಸ್’ ತಡವಾಗಿ ಕೈಗೆ ಬರುವುದು ನಮ್ಮ ಮಕ್ಕಳಿಗಷ್ಟೇ ಅಲ್ಲ. ಅಮೆರಿಕದ ಮನೋವಿಜ್ಞಾನಿ ರೋಜರ್ ಬ್ರೌನ್ ಇಂಗ್ಲಿಷ್ ತಾಯಿನುಡಿಯ ಮೂರು ಮಕ್ಕಳ ಮಾತನ್ನು ವರ್ಷಗಟ್ಟಲೆ ದಾಖಲಿಸಿ 1973ರಲ್ಲಿ ಪುಸ್ತಕ ಬರೆದರು. ವ್ಯಾಕರಣದ 14 ಗುರುತುಗಳನ್ನು ಆ ಮಕ್ಕಳು ಕಲಿತ ಕ್ರಮದಲ್ಲಿ ನಾಮಪದದ ಬಹುವಚನದ ‘ಎಸ್’ 4ನೆಯದು, ‘ಗೋಸ್’ನಂಥ ಕ್ರಿಯಾಪದದ ‘ಎಸ್’ 10ನೆಯದು. ತೊಟ್ಟಿಲಿನಿಂದ ಇಂಗ್ಲಿಷ್ ಕೇಳಿದ ಮಗುವಿಗೇ ಅಷ್ಟು ಕಾಲ ಬೇಕಾದರೆ, ವಾರಕ್ಕೆ ಕೆಲವೇ ತಾಸು ಇಂಗ್ಲಿಷ್ ಕೇಳುವ ಮಗುವಿಗೆ ಇನ್ನಷ್ಟು ಬೇಕು. ಒಂದು ‘ಎಸ್’ ಬಿಟ್ಟದ್ದಕ್ಕೆ ಕೈಗೆ ಏಟು ಬೀಳುವ ತರಗತಿ ಈ ಕ್ರಮವನ್ನು ಬದಲಿಸಲಾರದು.

ಬದಲಿಸಬಹುದಾದದ್ದು ಪಾಠದ ಆರಂಭವನ್ನು. ‘ಹೌದು’ ವಾಕ್ಯದಿಂದ ಶುರುಮಾಡುವ ಬದಲು ‘ಬೇಕು’ ಮತ್ತು ‘ಇಲ್ಲ’ ವಾಕ್ಯಗಳಿಂದ ಶುರುಮಾಡಿ. ಮೊದಲು ‘ಬರಬೇಕು’, ‘ವರ ವೇಂಡುಂ’, ‘ಮಸ್ಟ್ ಕಮ್’ ಮೂರನ್ನೂ ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಬರೆಯಿರಿ. ಬೋಳು ಕ್ರಿಯಾಪದ ತನಗೆ ಗೊತ್ತಿರುವುದೇ ಎಂದು ಮಗುವಿಗೆ ಕಾಣುತ್ತದೆ. ಆಮೇಲೆ ‘ವರಮಾಟ್ಟಾನ್’, ‘ಬರಲಾರನು’, ‘ಡಸ್ ನಾಟ್ ಕಮ್’. ಗುರುತು ಸಹಾಯಕದ ಮೇಲೆ ಮಾತ್ರ ಎಂಬುದು ಅರ್ಥವಾಗುತ್ತದೆ. ಕೊನೆಗೆ ‘ಗೋಸ್’ ಹೇಳಿಕೊಡಿ, ಇಂಗ್ಲಿಷಿನಲ್ಲಿ ಉಳಿದಿರುವ ಒಂದೇ ಬಾಲ ಇದು, ಹೀ, ಶೀ, ಇಟ್ ಬಂದಾಗ ಮಾತ್ರ ಹಚ್ಚು ಎಂದು. ನಾಮಪದದ ‘ಎಸ್’ ಎಣಿಸುವ ಸೂತ್ರಕ್ಕಿಂತ ‘ಈ ಪದದ ಬದಲು ಹೀ, ಶೀ, ಇಟ್ ಹಾಕಬಹುದೇ, ದೇ ಹಾಕಬೇಕೇ’ ಎಂದು ಕೇಳಿ ನೋಡುವುದು ಮೇಲು. ‘ಕ್ಯಾಟಲ್’ ಬಂದರೆ ದೇ, ‘ಹರ್ಡ್’ ಬಂದರೆ ಇಟ್, ‘ನ್ಯೂಸ್’ ಬಂದರೆ ಇಟ್. ಈ ಉಪಾಯ ಕೈಕೊಡುವುದು ಅಪರೂಪ.

ಇದಕ್ಕೆ ಹೊಸ ಪುಸ್ತಕ ಬೇಡ, ಸರ್ಕಾರದ ಆದೇಶವೂ ಬೇಡ. ಮನೆಮಾತು ಶಾಲೆಯ ಹೊಸ್ತಿಲಲ್ಲೇ ಉಳಿಯಬೇಕೆಂಬ ಹಟವನ್ನು ಬಿಟ್ಟರೆ ಸಾಕು. ಗಡಿಯಾಚೆ ಕನ್ನಡ ಉಳಿಯಬೇಕೆಂದು ನಾವು ಭಾಷಣದಲ್ಲಿ ಹೇಳುವುದುಂಟು. ತೇವಾರಂನ ಮಗುವಿಗೆ ತನ್ನ ಕನ್ನಡದಿಂದ ಇಂಗ್ಲಿಷ್ ಪರೀಕ್ಷೆಯಲ್ಲಿ ಎರಡು ಅಂಕ ಹೆಚ್ಚು ಸಿಗುತ್ತದೆಂದು ಒಮ್ಮೆ ತಿಳಿದರೆ, ಆ ಕನ್ನಡವನ್ನು ಉಳಿಸಿಕೊಳ್ಳಲು ಅದಕ್ಕೆ ಬೇರೆ ಯಾರ ಉಪದೇಶವೂ ಬೇಕಾಗುವುದಿಲ್ಲ.